ಆಲೂಗಡ್ಡೆ ಹೆಜ್ಜೆ: ಪುಟ್ಟ ಮಕ್ಕಳಿಗೆ ಆಕಾರ ಕಲಿಸಿದ ನನ್ನ ಅನುಭವ

ಹಾಸನದ ಹತ್ತಿರ ಒಂದು ಸರ್ಕಾರಿ ಶಾಲೆ, ಸಣ್ಣ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಆಡುತ್ತಾ ಕಲಿಯುವ ನಲಿ-ಕಲಿ ತರಗತಿ ನನ್ನದು. ಆಕಾರ ಕಲಿಸಲು ಆಲೂಗಡ್ಡೆ ಹಿಡಿದು ಹೋಗುತ್ತಿದ್ದೆ. ಎರಡು ವರ್ಷ "ಮೇಡಂ, ಇವತ್ತು ಪಲ್ಯನಾ, ಬೋಂಡಾನಾ?" ಅಂತ ರೇಗಿಸಿದ ಜೊತೆಯ ಮೇಷ್ಟ್ರುಗಳೇ ಈ ಸಲ ಬಂದು ಹೇಗೆ ಮಾಡಿದ್ರಿ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕಷ್ಟ ನಿಮಗೂ ಗೊತ್ತಿರುವುದೇ. ಚೆಂಡು (ಗೋಳ) ತೋರಿಸಿದರೆ ಮಕ್ಕಳು ವೃತ್ತ ಅನ್ನುತ್ತವೆ, ಲೂಡೋ ದಾಳ (ಘನ) ತೋರಿಸಿದರೆ ಚೌಕ, ಆ ಚೌಕವನ್ನೇ ಸ್ವಲ್ಪ ಓರೆಯಾಗಿ ಹಿಡಿದರೆ ಗಾಳಿಪಟ! ಮೊದಲು ಮರದ ಆಕಾರಗಳ ಸೆಟ್ ತಂದೆ, ಕೈಯಿಂದಲೇ ಹತ್ತಿರಹತ್ತಿರ 800 ರೂಪಾಯಿ. ಇದ್ದದ್ದು ಒಂದೇ ಶಂಕು, ಮಕ್ಕಳು ಇಪ್ಪತ್ತಕ್ಕೂ ಜಾಸ್ತಿ. ಎರಡನೇ ವಾರಕ್ಕೆ ಅದೂ ಮಾಯ. ಆಮೇಲೆ ಮೂರು ರಾತ್ರಿ ಕೂತು ಡ್ರಾಯಿಂಗ್ ಶೀಟಿನಲ್ಲಿ ಘನ ಅಂಟಿಸಿದೆ, ಒಬ್ಬ ಅದರ ಮೇಲೇ ಕೂತ. ಜೇಡಿಮಣ್ಣಿನದು ಬಿರುಕು ಬಿಟ್ಟಿತು.

ನಮ್ಮ ಕಡೆ ಮುಂಗಾರು ಆಲೂಗಡ್ಡೆ ಕೀಳುವಾಗ ಗುದ್ದಲಿ ಏಟು ಬಿದ್ದ ಗಡ್ಡೆಗೆ ಬೆಲೆ ಇಲ್ಲ. ಮಕ್ಕಳೇ ತಂದರು. ಘನ, ಆಯತಘನ, ಸಿಲಿಂಡರ್, ಶಂಕು ಅಂತ ಕತ್ತರಿಸಿದೆ. ಒಂದು ವಾರ ಹೆಸರೇ ಹೇಳಲಿಲ್ಲ. ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತುವುದು, ಒತ್ತುವ ಮೊದಲು "ಇದರ ಹೆಜ್ಜೆ ಹೇಗಿರುತ್ತೆ?" ಅಂತ ಊಹಿಸುವುದು, ಅಷ್ಟೇ. ಘನ ಆರು ಸಲವೂ ಚೌಕವನ್ನೇ ಒತ್ತಿತು. ಶಂಕು ಕೂತರೆ ವೃತ್ತ, ತಲೆಕೆಳಗಾದರೆ ಚುಕ್ಕೆ. ಗೋಲಿ ಒತ್ತಿ ನೋಡಿದ ಒಬ್ಬಳು, "ಮಿಸ್, ಇದಕ್ಕೆ ಪಾದಾನೇ ಇಲ್ಲ" ಅಂದಳು. ಅವತ್ತಿನಿಂದ ಆ ಗುಂಪಿನಲ್ಲಿ ಚೆಂಡನ್ನು ವೃತ್ತ ಅಂದವರಿಲ್ಲ.

ಸುಮ್ನೆ ಆಗಿದ್ದಲ್ಲ ಇದು. ಮೊದಲ ವರ್ಷ ಗಡ್ಡೆಯ ನೀರಿಗೆ ಬಣ್ಣವೆಲ್ಲ ಹರಡಿ ಚೌಕ ಯಾವುದು, ವೃತ್ತ ಯಾವುದು ಅಂತ ನನಗೇ ತಿಳಿಯಲಿಲ್ಲ. ಕತ್ತರಿಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಬಿಡಬೇಕು. ಬಣ್ಣಕ್ಕೆ ನಾನು ಬೆರೆಸುವುದೊಂದಿದೆ, ಅದನ್ನು ಮಾತ್ರ ಹೇಳಲ್ಲ. ಬಣ್ಣ, ಕಾಗದ ಎಲ್ಲ ಸೇರಿ 150 ರೂಪಾಯಿ ದಾಟಿರಲಿಕ್ಕಿಲ್ಲ.

ಉರುಳಿಸುವ ಆಟ ಮಕ್ಕಳೇ ಶುರು ಮಾಡಿದ್ದು. ಸಿಲಿಂಡರ್ ನೇರ ಪಟ್ಟಿ ಎಳೆಯಿತು, ಶಂಕು ಮಾತ್ರ ತನ್ನ ಮೂತಿಯ ಸುತ್ತಲೇ ತಿರುಗಿತು. ಅರ್ಧ ದಿನ ಅದರಲ್ಲೇ ಹೋಯಿತು, ಹೋಗಲಿ. ಇನ್ನೊಮ್ಮೆ ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿಸಿದೆ. ಘನಕ್ಕೆ 12 ಕಡ್ಡಿ, 8 ಬಟಾಣಿ. ಅಂಚು, ಮೂಲೆ ಎಣಿಸಲು ಚೆನ್ನ, ಆದರೆ ಎಣಿಸುವಷ್ಟರಲ್ಲಿ ಬಟಾಣಿ ಹೊಟ್ಟೆ ಸೇರುತ್ತಿತ್ತು.

ಈ ವರ್ಷ ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆವು. ದೇವಸ್ಥಾನದೊಳಗೆ ನುಣ್ಣಗೆ ಕಡೆದ ದುಂಡು ಕಂಬಗಳು. ಎಲ್ಲರೂ ಮೇಲೆ ನೋಡುತ್ತಿದ್ದರೆ ಎರಡನೇ ಕ್ಲಾಸಿನ ಒಬ್ಬ ಕುಕ್ಕರಗಾಲಲ್ಲಿ ಕೂತು ಕಂಬದ ಬುಡ ಸವರಿ ನನ್ನನ್ನು ಕರೆದ. "ಮಿಸ್, ಮೈ ದುಂಡು, ಹೆಜ್ಜೆ ಚೌಕ!" ರೇಗಿಸುತ್ತಿದ್ದ ಮೇಷ್ಟ್ರು ಪಕ್ಕದಲ್ಲೇ ಇದ್ದರು.