ಬಡಗಿ ಕೆಲಸಕ್ಕೆ ಪೆನ್‌ಪೆನ್ಸಿಲ್: ಲೆಡ್‌ಗಿಂತ ಮೊದಲು ತುದಿ ನೋಡಿ

ಪೆನ್‌ಪೆನ್ಸಿಲ್ ಅಂದ್ರೆ ಶಾಲೆ ಮಕ್ಕಳದ್ದು, ಇಲ್ಲಾ ಡ್ರಾಯಿಂಗ್ ಹಾಕೋ ಇಂಜಿನಿಯರಿಂಗ್ ಹುಡುಗರದ್ದು ಅನ್ನೋ ಮಾತು ನಮ್ಮ ಹುಬ್ಬಳ್ಳಿ-ಧಾರವಾಡದ ಮಿಸ್ತ್ರಿಗಳ ಬಾಯಲ್ಲಿ ಇನ್ನೂ ಕೇಳುತ್ತೆ. ಕಿವಿಗೆ ಸಿಕ್ಕಿಸಿದ ಚಪ್ಪಟೆ ಪೆನ್ಸಿಲ್, ಮೊಂಡಾದರೆ ಉಳಿಯಿಂದ ಕೆತ್ತೋದು, ಅಷ್ಟೇ. ಆ ಪೆನ್ಸಿಲ್ ಬಗ್ಗೆ ನನಗೆ ಗೌರವ ಇದೆ. ಗರಗಸದಿಂದ ಆಗಷ್ಟೇ ಬಂದ ಒರಟು ಹಲಗೆ ಮೇಲೆ ಅದೇ ಬೇಕು. ಆದರೆ ಡ್ರಾಯರ್ ಮಾಡುವಾಗ, ಕಿಟಕಿ ಚೌಕಟ್ಟಿಗೆ ಜಾಯಿಂಟ್ ಗುರುತು ಹಾಕುವಾಗ ಅದರ ಮೊನೆ ಬೇಗ ಮೊಂಡಾಗುತ್ತೆ. ಮೊದಲನೇ ಗೆರೆ ಸಣ್ಣ, ಕೊನೇ ಗೆರೆ ದಪ್ಪ. ದಪ್ಪ ಗೆರೆಯ ಯಾವ ಕಡೆ ಕೊಯ್ಯಬೇಕು ಅಂತ ಗರಗಸ ಹಿಡಿದು ಯೋಚಿಸೋ ಹಾಗಾಗುತ್ತೆ. ಎರಡೂ ತುದಿಯಲ್ಲಿ ಅರ್ಧರ್ಧ ಎಂಎಂ ತಪ್ಪಿದರೆ ಹಲಗೆ ಒಂದು ಎಂಎಂ ಗಿಡ್ಡ, ಡ್ರಾಯರ್ ಸಡಿಲ. ಪೆನ್‌ಪೆನ್ಸಿಲ್‌ನಲ್ಲಿ ಆ ತಾಪತ್ರಯ ಇಲ್ಲ. ಬೆಳಗ್ಗೆ ಎಳೆದ ಗೆರೆಯೂ ಸಂಜೆ ಎಳೆದ ಗೆರೆಯೂ ಒಂದೇ ದಪ್ಪ.

ಕೊಳ್ಳುವಾಗ ಎಲ್ಲರೂ ಮೊದಲು ಕೇಳೋದು ಲೆಡ್‌ನ ದಪ್ಪ, 0.5 ಎಂಎಂ ಒಳ್ಳೇದೋ, 0.7 ಒಳ್ಳೇದೋ ಅಂತ. ನಾನು ಮೊದಲು ನೋಡೋದು ತುದಿಯ ಪೈಪ್. ಲೆಡ್ ಹೊರಗೆ ಬರುತ್ತಲ್ಲ, ಆ ಸಣ್ಣ ಲೋಹದ ಕೊಳವೆ. ನಾವು ಗೆರೆ ಎಳೆಯುವಾಗ ಲಂಬಕೋನ ನೋಡೋ ಮೂಲೆಮಟ್ಟಕ್ಕೋ ಸ್ಟೀಲ್ ಸ್ಕೇಲಿಗೋ ತಾಗಿಕೊಂಡು ಹೋಗೋದು ಲೆಡ್ ಅಲ್ಲ, ಆ ಪೈಪ್. ಅದು ನೆಟ್ಟಗೆ, ಬಿಗಿಯಾಗಿ, ಮೂರ್ನಾಲ್ಕು ಎಂಎಂ ಉದ್ದ ಇರಬೇಕು. ಬರೆಯೋಕೆ ಅಂತಲೇ ಮಾಡಿದ ಪೆನ್ಸಿಲ್‌ಗಳಲ್ಲಿ ತುದಿ ಶಂಕುವಿನ ಹಾಗೆ ಇಳಿಜಾರಾಗಿರುತ್ತೆ. ಅದು ದಪ್ಪ ಸ್ಕೇಲಿನ ಮೇಲಂಚಿಗೆ ತಾಗಿ, ಲೆಡ್ ಕೆಳಗೆ ಎಲ್ಲೋ ದೂರ ಉಳಿಯುತ್ತೆ. ಕೈ ಸ್ವಲ್ಪ ವಾಲಿದರೂ ಗೆರೆ ಸರಿಯುತ್ತೆ. ಕೆಲವದರಲ್ಲಿ ಲೆಡ್ ಸವೆದ ಹಾಗೆ ಪೈಪ್ ತಾನೇ ಒಳಗೆ ಹೋಗುತ್ತೆ. ಬರವಣಿಗೆಗೆ ಅದು ಚಂದ. ಆದರೆ ಅಗ್ಗದ ಮಾಲಿನಲ್ಲಿ ಆ ಪೈಪ್ ಅಲುಗಾಡುತ್ತೆ, ಮಟ್ಟಕ್ಕೆ ಒತ್ತಿ ಹಿಡಿದರೆ ಪಕ್ಕಕ್ಕೆ ಬಾಗುತ್ತೆ.

ಹಾಗಾಗಿ ಪೆನ್ಸಿಲ್ ಕೊಳ್ಳೋಕೆ ಹೋಗುವಾಗ ರಂದಾ ಹೊಡೆದ ಸಾಗವಾನಿ ತುಂಡೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗ್ತೀನಿ, ಜೊತೆಗೆ ಆರಿಂಚಿನ ಸ್ಟೀಲ್ ಸ್ಕೇಲು. ಸುಭಾಸ ರಸ್ತೆಯ ಅಂಗಡಿಯೊಂದರಲ್ಲಿ ಹೀಗೆ ತುಂಡು ಹೊರಗೆ ತೆಗೆದಾಗ ಅಂಗಡಿಯವರು, "ಕಾಗದಾ ಕೊಡ್ಲೇನ್ರೀ?" ಅಂದ್ರು. "ಬ್ಯಾಡ್ರೀ, ನನ್ನ ಕೆಲಸ ಎಲ್ಲಾ ಕಟ್ಟಿಗಿ ಮ್ಯಾಲೇ ಐತಿ" ಅಂದೆ. ಕಾಗದದ ಮೇಲೆ ಎಲ್ಲ ಪೆನ್ಸಿಲೂ ಚೆನ್ನಾಗೇ ಬರೆಯುತ್ತೆ ಅಲ್ವಾ. ಮರದ ಮೇಲೆ ಹಾಗಲ್ಲ. ಸಾಗವಾನಿಯಲ್ಲಿ ವರ್ಷದ ಉಂಗುರದ ಒಂದು ಪಟ್ಟಿ ಮೆತ್ತಗೆ, ದೊಡ್ಡ ರಂಧ್ರಗಳಿರುತ್ತೆ. ಪಕ್ಕದ ಪಟ್ಟಿ ಗಟ್ಟಿ. ಎಳೆಯ ಉದ್ದಕ್ಕೆ ಗೆರೆ ಎಳೆದರೆ ಲೆಡ್ ಮೆತ್ತನೆ ಪಟ್ಟಿಗೆ ಇಳಿದು ಅದರ ದಾರಿಯಲ್ಲೇ ಹೋಗೋಕೆ ನೋಡುತ್ತೆ. ಅಡ್ಡಕ್ಕೆ ಎಳೆದರೆ ರಂಧ್ರದ ಅಂಚಿಗೆ ಸಿಕ್ಕಿ 0.5 ಲೆಡ್ ಪಟ್ ಅಂತ ಮುರಿಯುತ್ತೆ. ಪೈಪ್ ಅಲುಗಾಡಿದರೆ ಇದೆಲ್ಲ ಆ ತುಂಡಿನ ಮೇಲೆ ಕೂಡಲೇ ಗೊತ್ತಾಗುತ್ತೆ.

ನಾನು ದಿನಾ ಬಳಸೋದು 0.9, ಎಚ್‌ಬಿ ಲೆಡ್. ಪೆಂಟೆಲ್ ಪಿ209, ಹಳದಿ ಮೈಯದ್ದು. ಹಗುರ, ಪೈಪ್ ಗಟ್ಟಿ, ಮೈಗೆ ಪಟ್ಟಿಗಳಿರೋದರಿಂದ ಬೆಂಚಿನ ಮೇಲೆ ಸುಮ್ಸುಮ್ನೆ ಉರುಳಲ್ಲ. 0.9 ಲೆಡ್ ಒತ್ತಿದರೂ ಮುರಿಯೋದು ಅಪರೂಪ, ಗೆರೆ ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಸಣ್ಣ ಜಾಯಿಂಟಿಗೆ, ನುಣುಪಾದ ಮರಕ್ಕೆ ಮಾತ್ರ ಅದೇ ಕಂಪನಿಯ ಪಿ205, ಅಂದ್ರೆ 0.5. ಇಂಕ್ರಾ ಅಂತ ಒಂದು ಬಗೆಯ ಸ್ಕೇಲ್ ಬರುತ್ತೆ. ಅದರಲ್ಲಿ ಅಳತೆಗೊಂದು ಸಣ್ಣ ತೂತು, ಅದರೊಳಗೆ ಪೆನ್ಸಿಲ್ ತುದಿ ಇಟ್ಟು ಸ್ಕೇಲನ್ನೇ ಜರುಗಿಸಿ ಗೆರೆ ಎಳೆಯೋದು. ಆ ತೂತು 0.5 ಪೆನ್ಸಿಲ್‌ಗೆ ಅಂತಲೇ ಮಾಡಿದ್ದು. ಅದನ್ನು ಬಳಸೋರಿಗೆ 0.5 ಬೇಕೇ ಬೇಕು.

ರೋಟ್ರಿಂಗ್ 600 ಅನ್ನೋ ಪೆನ್‌ಪೆನ್ಸಿಲನ್ನು ಬಹಳ ಜನ ಹೊಗಳ್ತಾರೆ. ಹಿತ್ತಾಳೆ ಮೈ, ಹಿಡಿಯೋ ಜಾಗ ತರಿತರಿ, ಕೈಯಲ್ಲಿ ಹಿಡಿದರೆ ಖುಷಿ ಆಗುತ್ತೆ. ಆದರೆ ಭಾರ. ಕೆಲಸದ ಜಾಗದಲ್ಲಿ ಪೆನ್ಸಿಲ್ ಬೀಳದೇ ಇರಲ್ಲ, ಭಾರದ ಪೆನ್ಸಿಲ್ ಫರಸಿ ಮೇಲೆ ಮೂತಿ ಅಡಿಯಾಗಿ ಬಿದ್ದರೆ ಪೈಪ್ ಸೊಟ್ಟ ಆಗುತ್ತೆ, ಅಲ್ಲಿಗೆ ಮುಗೀತು. ಕುರು ಟೋಗಾ ಅನ್ನೋ ಪೆನ್‌ಪೆನ್ಸಿಲ್ ಬಗ್ಗೆಯೂ ಕೇಳ್ತಾರೆ. ಅದರಲ್ಲಿ ಪ್ರತಿ ಸಲ ಎತ್ತಿ ಇಟ್ಟಾಗ ಲೆಡ್ ಸ್ವಲ್ಪ ತಿರುಗಿ ಮೊನೆ ಸಮನಾಗಿ ಸವೆಯುತ್ತೆ. ಅಕ್ಷರ ಬರೆಯುವಾಗ ನಾವು ಪೆನ್ಸಿಲನ್ನು ಎತ್ತಿ ಎತ್ತಿ ಇಡ್ತೀವಿ, ಆದ್ದರಿಂದ ಅಲ್ಲಿ ಲಾಭ. ಎರಡಡಿ ಉದ್ದದ ಗೆರೆಯನ್ನು ಎತ್ತದೇ ಎಳೆಯೋ ನಮಗೆ ಅದರಿಂದ ಏನು ಸಿಗುತ್ತೆ?

ಲೆಡ್‌ನ ಗಟ್ಟಿತನ ಕೂಡ ನೋಡಬೇಕು. 2ಎಚ್ ಸಣ್ಣಗೆ ಎಳೆಯುತ್ತೆ ನಿಜ, ಆದರೆ ಮೆತ್ತನೆ ಮರದಲ್ಲಿ ಗೀರು ಬೀಳಿಸುತ್ತೆ. ಗೆರೆ ಅಳಿಸಿದರೂ ಗೀರು ಉಳಿದು, ಪಾಲಿಶ್ ಹಚ್ಚಿದ ಮೇಲೆ ಎದ್ದು ಕಾಣುತ್ತೆ. 2ಬಿ ಕಪ್ಪಗೆ ಮೂಡುತ್ತೆ, ಕೈ ತಾಗಿದರೆ ಮರಕ್ಕೆಲ್ಲ ಮಸಿ. ಎಚ್‌ಬಿ ನಡುವಿನದು, ನನಗೆ ಅದೇ ಸಾಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಸಿ ಹಿಡಿದ ಹಲಗೆ ಮೇಲೆ ಮಾತ್ರ ಯಾವ ಸಣ್ಣ ಲೆಡ್ಡೂ ನೆಟ್ಟಗೆ ಮೂಡಲ್ಲ. ಅಂಥ ಹೊತ್ತಲ್ಲಿ ದಪ್ಪ ಲೆಡ್ಡಿಗೆ ಹೋಗ್ತೀನಿ.

ದಪ್ಪ ಅಂದ್ರೆ 2 ಎಂಎಂ ಕ್ಲಚ್ ಪೆನ್ಸಿಲ್ (ಗುಂಡಿ ಒತ್ತಿದರೆ ಹಿಡಿತ ಸಡಿಲಾಗಿ ಲೆಡ್ ಜಾರೋದು), ಇಲ್ಲಾ 2.8 ಎಂಎಂನ ಪೀಕಾ ಡ್ರೈ ಅನ್ನೋ ಪೆನ್ಸಿಲ್. ಸ್ಟೆಡ್ಲರ್‌ನ 2 ಎಂಎಂ ಚೆನ್ನಾಗಿದೆ, ಆದರೆ ಅದರ ಕೆಲವು ಮಾದರಿಗೆ ಲೆಡ್ ಚೂಪು ಮಾಡೋಕೆ ಬೇರೆ ಶಾರ್ಪನರ್ ಬೇಕು. ಪೀಕಾದಲ್ಲಿ ಆ ವ್ಯವಸ್ಥೆ ಅದರ ಜೊತೆಗೇ ಇದೆ. ಜರ್ಮನಿಯ ಮಾಲು, ಬೆಲೆ ಜಾಸ್ತಿ. ಆದರೂ ಸೈಟಿಗೆ ಹೋಗಿ ಫಿಟ್ಟಿಂಗ್ ಮಾಡೋರಿಗೆ ಅದು ಬೇಕು ಅಂತಲೇ ಹೇಳ್ತೀನಿ. ತುದಿ ಸಪೂರ, ಉದ್ದ. ಕಪಾಟನ್ನು ಗೋಡೆಗೆ ಹಿಡಿದು ತೂತಿನೊಳಗಿಂದ ಗುರುತು ಹಾಕಬಹುದು. ಬೀಟೆಯಂಥ ಕಪ್ಪು ಮರಕ್ಕೆ ಬಿಳಿ ಲೆಡ್ ಸಿಗುತ್ತೆ, ಬೀಟೆ ಮೇಲೆ ಕಪ್ಪು ಗೆರೆ ಹುಡುಕೋ ಕಷ್ಟ ಅದರಲ್ಲಿ ಕೆಲಸ ಮಾಡಿದೋರಿಗೇ ಗೊತ್ತು. ಇಲ್ಲಿನ ಅಂಗಡಿಗಳಲ್ಲಿ 0.5, 0.7 ಬೇಕಾದಷ್ಟು. 0.9, ಪೀಕಾ ಇವನ್ನು ನಾನು ಆನ್‌ಲೈನಲ್ಲೇ ತರಿಸೋದು.

ಲೇತ್ ಕೆಲಸಕ್ಕೆ ಇದ್ಯಾವುದೂ ಬೇಡ. ನಮ್ಮ ಕಲಘಟಗಿ ತೊಟ್ಟಿಲಿನ ಕಾಲಿನಂಥದ್ದನ್ನು ತಿರುಗಿಸುವಾಗ, ತಿರುಗೋ ಮರಕ್ಕೆ ಪೆನ್ಸಿಲ್ ತಾಗಿಸಿ ಸುತ್ತು ಗೆರೆ ಹಾಕ್ತೀವಿ. ಸಣ್ಣ ಲೆಡ್ ಅಲ್ಲಿ ನಿಲ್ಲಲ್ಲ. ಮಾಮೂಲಿ ಕಟ್ಟಿಗೆ ಪೆನ್ಸಿಲೇ ಸರಿ. ಸನ್‌ಮೈಕಾ ಮೇಲೂ ಅಷ್ಟೇ, ಹೊಳಪಿನ ಮೇಲೆ ಲೆಡ್ ಜಾರುತ್ತೆ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗೆರೆ ಎಳೆಯಿರಿ, ಕೊಯ್ಯುವಾಗ ಅಂಚು ಏಳೋದೂ ಕಡಿಮೆಯಾಗುತ್ತೆ.

ಗೆರೆ ಎಳೆಯೋ ರೀತಿ ಬಗ್ಗೆ ಒಂದು ಮಾತು. ಮಟ್ಟವನ್ನು ಗುರುತಿನ ಮೇಲೆ ಇಟ್ಟು ಪೆನ್ಸಿಲ್ ಎಳೆದರೆ, ಪೈಪಿನ ಅರ್ಧ ದಪ್ಪದಷ್ಟು ಗೆರೆ ಆಚೆ ಬೀಳುತ್ತೆ. ಅದಕ್ಕೆ ನಾನು ಮೊದಲು ಲೆಡ್ ತುದಿಯನ್ನು ಗುರುತಿನ ಮೇಲೆ ಊರ್ತೀನಿ, ಆಮೇಲೆ ಮಟ್ಟವನ್ನು ಜರುಗಿಸಿ ಪೈಪಿಗೆ ತಾಗಿಸ್ತೀನಿ, ಆಮೇಲೆ ಎಳೀತೀನಿ. ಲೆಡ್ಡನ್ನು ಒಂದು ಕ್ಲಿಕ್‌ಗಿಂತ ಹೆಚ್ಚು ಹೊರಗೆ ಬಿಡಲ್ಲ. ಉಳಿ ಕೂರಿಸೋ ಜಾಗಕ್ಕೆ ಮಾತ್ರ ಪೆನ್ಸಿಲ್ ಗೆರೆ ಮೇಲೆ ಚಾಕುವಿನಿಂದ ಇನ್ನೊಂದು ಗೀರು. ಅಲ್ಲಿ ಯಾವ ಪೆನ್ಸಿಲ್ಲೂ ಚಾಕುವಿಗೆ ಸಮ ಅಲ್ಲ.

ಪಾಲಿಶ್‌ಗೆ ಮುಂಚೆ ಗೆರೆಗಳನ್ನು ರಬ್ಬರಿನಿಂದ ಅಳಿಸಿ, ಆಮೇಲೆ ಪಾಲಿಶ್ ಪೇಪರ್ ಉಜ್ಜಿ. ಮೊದಲೇ ಪೇಪರ್ ಉಜ್ಜಿದರೆ ಮಸಿ ಸಾಗವಾನಿಯ ರಂಧ್ರದೊಳಗೆ ಹೋಗಿ ಕೂರುತ್ತೆ. ಪೆನ್ಸಿಲ್ ಹಿಂದಿರೋ ಪುಟ್ಟ ರಬ್ಬರು ಇದಕ್ಕೆ ಸಾಲಲ್ಲ, ದೊಡ್ಡದೊಂದನ್ನು ಬೇರೆ ಇಟ್ಟುಕೊಳ್ಳಿ.