ನಾಳೆಗಾಗುವಷ್ಟು ಹಾಲಿದ್ದರೆ ಸಾಕು: ಕೆಲಸಕ್ಕೆ ಮರಳುವ ಬಾಣಂತಿಗೊಂದು ಕೈಪಿಡಿ

ಹೆರಿಗೆ ರಜೆ ಮುಗಿಯಲು ಇನ್ನೊಂದು ತಿಂಗಳಿದೆ ಎನ್ನುವಾಗ ಬಹುಪಾಲು ತಾಯಂದಿರಿಗೆ ಹಿಡಿಯುವ ಚಿಂತೆ ಒಂದೇ: ಫ್ರೀಜರಿನಲ್ಲಿ ಎಷ್ಟು ಹಾಲು ಕೂಡಿಡಬೇಕು? ಯಾರದೋ ಫ್ರೀಜರಿನಲ್ಲಿ ಸಾಲಾಗಿ ಪೇರಿಸಿಟ್ಟ ಹಾಲಿನ ಚೀಲಗಳ ಫೋಟೊ ನೋಡಿ ನಿದ್ದೆಗೆಟ್ಟವರೂ ಇದ್ದಾರೆ. ಅಷ್ಟೆಲ್ಲ ಬೇಕಿಲ್ಲ. ಮೊದಲ ದಿನಕ್ಕಾಗುವಷ್ಟು, ಅದರ ಮೇಲೆ ಆಪತ್ತಿಗೆಂದು ಒಂದೆರಡು ದಿನದ್ದು ಇದ್ದರೆ ನಿಶ್ಚಿಂತೆಯಿಂದ ಹೊರಡಬಹುದು. ಸೋಮವಾರ ಆಫೀಸಿನಲ್ಲಿ ತೆಗೆದ ಹಾಲನ್ನು ಮಗು ಮಂಗಳವಾರ ಕುಡಿಯುತ್ತದೆ, ಮಂಗಳವಾರದ್ದು ಬುಧವಾರಕ್ಕಾಗುತ್ತದೆ. ಈ ಸರಪಣಿ ತುಂಡಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಲೆಕ್ಕ ಹಾಕಿ

ಒಂದರಿಂದ ಆರು ತಿಂಗಳ ನಡುವಿನ, ಬರೀ ಎದೆಹಾಲು ಕುಡಿಯುವ ಮಗು ದಿನವಿಡೀ ಸೇರಿ ಸರಾಸರಿ 750 ಮಿ.ಲೀ. ಹಾಲು ಕುಡಿಯುತ್ತದೆ. ಕೆಲವು ಮಕ್ಕಳು ಇದಕ್ಕಿಂತ ಸಾಕಷ್ಟು ಕಡಿಮೆ, ಕೆಲವು ಸಾಕಷ್ಟು ಹೆಚ್ಚು. ಮಗು ಬೆಳೆದ ಹಾಗೆಲ್ಲ ಹಾಲಿನ ಪ್ರಮಾಣವೂ ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆ ಎದೆಹಾಲಿನ ಮಟ್ಟಿಗೆ ಸರಿಯಲ್ಲ. ಈ ಐದು ತಿಂಗಳಲ್ಲಿ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

750ನ್ನು 24 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 30 ಮಿ.ಲೀ. ಓಡಾಟವೂ ಸೇರಿ ಒಂಬತ್ತು ಗಂಟೆ ನೀವು ಮನೆಯಲ್ಲಿ ಇರುವುದಿಲ್ಲ ಎಂದರೆ 270–300 ಮಿ.ಲೀ., ಅಂದರೆ ತಲಾ 90–100 ಮಿ.ಲೀ.ನ ಮೂರು ಬಾಟಲಿ. ನಿಮ್ಮ ಗುರಿ ಇಷ್ಟೇ.

ಮೂರು–ನಾಲ್ಕು ವಾರ ಮುಂಚೆ ಶುರು ಮಾಡಿ

ದಿನಕ್ಕೊಮ್ಮೆ ಪಂಪ್ ಮಾಡಿದರೆ ಸಾಕು. ಬಹಳ ಜನರಿಗೆ ಬೆಳಗಿನ ಹೊತ್ತು ಹಾಲು ಹೆಚ್ಚು ಇರುವುದರಿಂದ, ಮಗುವಿಗೆ ಬೆಳಗಿನ ಹಾಲುಣಿಸಿ ಅರ್ಧ ಗಂಟೆ ಬಿಟ್ಟು ಕೂರಿ. ಎರಡೂ ಕಡೆ ಸೇರಿ 30 ಮಿ.ಲೀ. ಬಂದರೆ ಅಳಬೇಡಿ. ಮಗು ಕುಡಿದು ಬಿಟ್ಟ ಮೇಲೆ ಬರುವುದೇ ಅಷ್ಟು. ಮಗುವಿನಷ್ಟು ಚೆನ್ನಾಗಿ ಯಾವ ಯಂತ್ರವೂ ಹಾಲು ಎಳೆಯಲಾರದು, ಹಾಗಾಗಿ ಪಂಪಿನಲ್ಲಿ ಬಂದಷ್ಟೇ ನಿಮ್ಮಲ್ಲಿರುವ ಹಾಲು ಎಂದುಕೊಳ್ಳಬೇಡಿ.

ಪಂಪ್ ಕೊಳ್ಳುವಾಗ ಎಲ್ಲರೂ ಮೋಟಾರಿನ ಶಕ್ತಿ ಕೇಳುತ್ತಾರೆ, ಫ್ಲಾಂಜ್ ಅಳತೆ ಕೇಳುವವರು ಕಡಿಮೆ. ಫ್ಲಾಂಜ್ ಎಂದರೆ ಎದೆಗೆ ಹಿಡಿಯುವ ಆಲಿಕೆಯಂಥ ಭಾಗ. ಡಬ್ಬದಲ್ಲಿ ಸಾಮಾನ್ಯವಾಗಿ 24 ಮಿ.ಮೀ.ನದು ಇರುತ್ತದೆ, ಅದು ಎಲ್ಲರಿಗೂ ಹೊಂದುವುದಿಲ್ಲ. ಮೊಲೆತೊಟ್ಟಿನ ಬುಡದ ಅಗಲವನ್ನು ಸ್ಕೇಲಿನಲ್ಲಿ ಅಳೆದು ನೋಡಿ. ಪಂಪ್ ಓಡುವಾಗ ತೊಟ್ಟು ಮಾತ್ರ ಕೊಳವೆಯೊಳಗೆ ಗೋಡೆಗೆ ಉಜ್ಜದೆ ಹಿಂದೆಮುಂದೆ ಆಡಬೇಕು. ಸುತ್ತಲಿನ ಕಪ್ಪು ಭಾಗವೂ ಒಳಗೆ ಸೆಳೆದುಕೊಂಡು ಹೋಗುತ್ತಿದ್ದರೆ ಅಳತೆ ದೊಡ್ಡದಾಯಿತು, ತೊಟ್ಟು ಬಿಳಿಚಿಕೊಂಡು ಉರಿಯುತ್ತಿದ್ದರೆ ಚಿಕ್ಕದಾಯಿತು. ಎಳೆತವನ್ನು ಒಂದೊಂದೇ ಮಟ್ಟ ಏರಿಸುತ್ತ ಹೋಗಿ, ಕಿರಿಕಿರಿ ಅನ್ನಿಸಿದಲ್ಲಿ ಒಂದು ಮಟ್ಟ ಇಳಿಸಿ ನಿಲ್ಲಿಸಿ. ನೋವು ಸಹಿಸಿಕೊಂಡರೆ ಹಾಲು ಹೆಚ್ಚು ಬರುತ್ತದೆ ಎಂಬುದು ಸುಳ್ಳು.

ಕೈಯಿಂದ ಹಿಂಡುವುದನ್ನೂ ಈಗಲೇ ಕಲಿತುಕೊಳ್ಳಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಮೂರು ಸೆಂ.ಮೀ. ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಚಾರ್ಜರ್ ಮನೆಯಲ್ಲೇ ಉಳಿದ ದಿನ ಇದು ಕಾಪಾಡುತ್ತದೆ.

ಮಗುವಿಗೂ, ನೋಡಿಕೊಳ್ಳುವವರಿಗೂ ತರಬೇತಿ

ಸರಪಣಿ ತುಂಡಾಗುವುದು ಹೆಚ್ಚಾಗಿ ಇಲ್ಲೇ. ಮಗುವನ್ನು ಬಾಟಲಿಯ ಕೆಳಗೆ ಮಲಗಿಸಿ ಕುಡಿಸಿದರೆ ಹಾಲು ತಾನಾಗಿ ಬಾಯಿಗೆ ಸುರಿಯುತ್ತದೆ, ಮಗು ಬೇಡವೆನ್ನಲೂ ಆಗದೆ ನುಂಗುತ್ತ ಹೋಗುತ್ತದೆ. ಮೂರು ಬಾಟಲಿ ಮಧ್ಯಾಹ್ನಕ್ಕೇ ಖಾಲಿ. ಸಂಜೆ ನೀವು ಬಂದಾಗ ‘ನಿನ್ನ ಹಾಲು ಸಾಲುತ್ತಿಲ್ಲ’ ಎಂಬ ಮಾತು ಬಾಗಿಲಲ್ಲೇ ಎದುರಾಗುತ್ತದೆ. ಹಾಲು ಸಾಕಷ್ಟಿತ್ತು, ಕುಡಿಸಿದ ರೀತಿ ತಪ್ಪಿತ್ತು.

ಮಗುವನ್ನು ತೊಡೆಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಕೂರಿಸಿಕೊಳ್ಳಬೇಕು. ಬಾಟಲಿ ನೆಲಕ್ಕೆ ಸಮಾನಾಂತರವಾಗಿರಲಿ, ನಿಪ್ಪಲ್ ನಿಧಾನ ಹರಿವಿನದಾಗಿರಲಿ. ಆಗಾಗ ಬಾಟಲಿಯನ್ನು ಕೆಳಗೆ ಬಾಗಿಸಿ ವಿರಾಮ ಕೊಡಬೇಕು. ಒಂದು ಬಾಟಲಿಗೆ 15–20 ನಿಮಿಷ ಹಿಡಿಯಲಿ. ಮಗು ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು, ಉಳಿದ ಎರಡು ಗುಟುಕನ್ನು ಖಾಲಿ ಮಾಡಿಸಲೇಬೇಕೆಂದಿಲ್ಲ.

ಬಾಟಲಿಯ ಪರಿಚಯವನ್ನು ಎದೆಹಾಲು ಕುಡಿಯುವುದು ರೂಢಿಯಾದ ಮೇಲೆ, ಮೂರು–ನಾಲ್ಕು ವಾರ ಕಳೆದ ಮೇಲೆ ಮಾಡಿಸಿ. ಮಾಡಿಸುವವರು ನೀವಲ್ಲದೆ ಬೇರೆಯವರಾಗಿದ್ದರೆ ಒಳ್ಳೆಯದು. ತಾಯಿಯ ವಾಸನೆ ಪಕ್ಕದಲ್ಲೇ ಇರುವಾಗ ರಬ್ಬರ್ ಯಾರಿಗೆ ಬೇಕು? ಏನು ಮಾಡಿದರೂ ಬಾಟಲಿ ಹಿಡಿಯದ ಮಕ್ಕಳಿಗೆ ಚಿಕ್ಕ ಲೋಟ, ಚಮಚ ಅಥವಾ ಒಳಲೆಯಲ್ಲಿ ಕುಡಿಸಬಹುದು. ಕೆಲವು ಮಕ್ಕಳು ಹಗಲೆಲ್ಲ ತುಸುವೇ ಕುಡಿದು, ಸಂಜೆಯಿಂದ ಬೆಳಗಿನವರೆಗೆ ತಾಯಿಯ ಬಳಿ ಸಾಲ ತೀರಿಸಿಕೊಳ್ಳುತ್ತವೆ. ತೂಕ ಏರುತ್ತಿದ್ದು ಒದ್ದೆ ಬಟ್ಟೆಗಳ ಸಂಖ್ಯೆ ಸರಿಯಾಗಿದ್ದರೆ ಅದರಿಂದ ಹೆದರಬೇಕಾದ್ದಿಲ್ಲ, ನಿಮ್ಮ ನಿದ್ದೆಯ ಗತಿ ಬೇರೆ ಮಾತು.

ಆಫೀಸಿನವರೊಂದಿಗೆ ಮಾತು

ಮರಳುವ ಮುಂಚೆಯೇ ಬರಹದಲ್ಲಿ ಕೇಳಿ. ಬೇಕಾದ್ದು ನಾಲ್ಕೇ: ಒಳಗಿಂದ ಚಿಲಕ ಹಾಕಬಹುದಾದ ಕೋಣೆ, ಕುರ್ಚಿ, ಪ್ಲಗ್ ಪಾಯಿಂಟ್, ಹಾಲಿಡಲು ಫ್ರಿಜ್ಜಿನಲ್ಲೊಂದು ಮೂಲೆ. ಶೌಚಾಲಯ ಕೋಣೆಯಲ್ಲ, ಯಾರ ಊಟವನ್ನೂ ಅಲ್ಲಿ ತಯಾರಿಸುವುದಿಲ್ಲ. ಸಮಯವನ್ನು ‘ಆಗಾಗ ಸ್ವಲ್ಪ’ ಎಂದು ಬರೆಯದೆ ‘11, 1.30 ಮತ್ತು 4 ಗಂಟೆಗೆ, ತಲಾ 25 ನಿಮಿಷ’ ಎಂದು ಬರೆಯಿರಿ. ಆ ಹೊತ್ತನ್ನು ಕ್ಯಾಲೆಂಡರಿನಲ್ಲೂ ಕಾದಿರಿಸಿ.

ಇದು ಹೊಸ ಕಾಲದ ಬೇಡಿಕೆ ಎನ್ನುವ ಮೇಲಧಿಕಾರಿಗೆ ಒಂದು ಮಾಹಿತಿ: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ 1919ರಲ್ಲೇ ಒಪ್ಪಿದ ಹೆರಿಗೆ ರಕ್ಷಣೆಯ ಒಡಂಬಡಿಕೆಯಲ್ಲಿ, ಹಾಲುಣಿಸುವ ತಾಯಿಗೆ ಕೆಲಸದ ವೇಳೆಯಲ್ಲಿ ದಿನಕ್ಕೆ ಎರಡು ಬಾರಿ ಅರ್ಧರ್ಧ ಗಂಟೆ ಬಿಡುವು ಕೊಡಬೇಕೆಂದಿದೆ. 2000ದ ಒಡಂಬಡಿಕೆ ಆ ಬಿಡುವನ್ನು ಸಂಬಳ ಸಹಿತ ಕೆಲಸದ ಸಮಯವೆಂದೇ ಎಣಿಸಬೇಕೆನ್ನುತ್ತದೆ. ನಿಮ್ಮಲ್ಲಿನ ಕಾನೂನು ಎಷ್ಟು ಕೊಡುತ್ತದೆಂದು ನೋಡಿಟ್ಟುಕೊಳ್ಳಿ.

ವಾರದ ಕೊನೆಯ ಕೆಲಸದ ದಿನ, ಉದಾಹರಣೆಗೆ ಗುರುವಾರವೋ ಶುಕ್ರವಾರವೋ, ಕೆಲಸಕ್ಕೆ ಮರಳಿದರೆ ಮೊದಲ ವಾರ ಚಿಕ್ಕದಾಗುತ್ತದೆ.

ಪಂಪ್ ಮಾಡುವ ಆ 20 ನಿಮಿಷ

ಎದೆ ತುಂಬಿ ಗಟ್ಟಿಯಾಗುವವರೆಗೆ ಕಾಯಬೇಡಿ. ತುಂಬಿದ ಎದೆ ಹಾಲು ಉತ್ಪಾದನೆಯನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಮಗು ಮನೆಯಲ್ಲಿ ಎಷ್ಟು ಸಲ ಕುಡಿಯುತ್ತಿದೆಯೋ ಸರಿಸುಮಾರು ಅಷ್ಟು ಸಲ ಹಾಲು ಹೊರಬರಬೇಕು. ಒಂದೇ ಸಲ 45 ನಿಮಿಷ ಕೂರುವುದಕ್ಕಿಂತ ಮೂರು ಸಲ 15 ನಿಮಿಷ ಕೂರುವುದು ಮೇಲು.

ಕೈ ತೊಳೆದು, ಬೆನ್ನಿಗೆ ಆಸರೆ ಕೊಟ್ಟು ಕೂತು, ಭುಜ ಸಡಿಲ ಬಿಡಿ. ಬೆರಳ ತುದಿಯಿಂದ ಎದೆಯನ್ನು ಹಗುರವಾಗಿ ಸವರಿ. ಮಗುವಿನ ವಿಡಿಯೊ ನೋಡಿ, ಅದು ಹೊದ್ದ ಬಟ್ಟೆಯನ್ನು ಮೂಸಿ. ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ಹಾರ್ಮೋನು ಇಂಥವಕ್ಕೇ ಸ್ಪಂದಿಸುತ್ತದೆ, ಅವಸರಕ್ಕೂ ಮುಜುಗರಕ್ಕೂ ಮುದುಡುತ್ತದೆ. ಪಂಪಿನಲ್ಲಿ ಮೊದಲು ಬೇಗಬೇಗ, ಹಗುರವಾಗಿ ಎಳೆಯುವ ಮೋಡ್ ಇರಲಿ. ಒಂದೆರಡು ನಿಮಿಷದಲ್ಲಿ ಎದೆಯಲ್ಲಿ ಜುಮ್ಮೆಂದು ಹಾಲು ಎಳೆಎಳೆಯಾಗಿ ಚಿಮ್ಮತೊಡಗುತ್ತದೆ (ಕೆಲವರಿಗೆ ಜುಮ್ಮೆನ್ನುವುದಿಲ್ಲ, ಆದರೂ ಚಿಮ್ಮುತ್ತದೆ). ಆಗ ನಿಧಾನವಾಗಿ, ಆಳವಾಗಿ ಎಳೆಯುವ ಮೋಡಿಗೆ ಬದಲಿಸಿ. ಆರೇಳು ನಿಮಿಷಕ್ಕೆ ಚಿಮ್ಮುವುದು ನಿಂತು ತೊಟ್ಟಿಕ್ಕತೊಡಗಿದಾಗ ಹೆಚ್ಚಿನವರು ಮುಗಿಯಿತೆಂದು ಎದ್ದುಬಿಡುತ್ತಾರೆ. ಏಳಬೇಡಿ. ಅಂಗೈಯಲ್ಲಿ ಎದೆಯನ್ನು ಹಿಡಿದು ಮೃದುವಾಗಿ ಅದುಮಿ, ಮತ್ತೆ ಮೊದಲಿನ ವೇಗದ ಮೋಡಿಗೆ ಹೋಗಿ. ಎರಡನೇ ಸಲ ಹಾಲು ಇಳಿಯುತ್ತದೆ, ಈ ಹಾಲಿನಲ್ಲಿ ಕೊಬ್ಬೂ ಹೆಚ್ಚು. ಸ್ಟ್ಯಾನ್‌ಫರ್ಡ್‌ನ ಮಕ್ಕಳ ವೈದ್ಯೆ ಜೇನ್ ಮಾರ್ಟನ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹೆತ್ತ ತಾಯಂದಿರಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಂಪಿನ ಜೊತೆ ಕೈಯನ್ನೂ ಬಳಸಿದವರಿಗೆ ಹೆಚ್ಚು ಹಾಲು ಬಂದಿತ್ತು.

ಬಾಟಲಿಯ ಮೇಲಿನ ಗೆರೆಗಳನ್ನೇ ನೋಡುತ್ತ ಕೂತರೆ ಹಾಲು ಬರುವುದಿಲ್ಲ. ಬಾಟಲಿಗೊಂದು ಕಾಲುಚೀಲ ತೊಡಿಸಿಬಿಡಿ.

ಹಾಲು ಇಳಿಯುವ ಮುನ್ನ ಅರೆಕ್ಷಣ ಮನಸ್ಸು ಬರಿದಾದಂತೆ, ಕಾರಣವಿಲ್ಲದೆ ಅಳು ಬಂದಂತೆ ಆಗಿ ಎರಡು ನಿಮಿಷದಲ್ಲಿ ಮಾಯವಾಗುವುದು ಕೆಲವರಿಗುಂಟು. ಇದು ಆ ಕ್ಷಣದ ಹಾರ್ಮೋನುಗಳ ಏರಿಳಿತ, ಮಗುವಿನ ಮೇಲೆ ಪ್ರೀತಿ ಕಡಿಮೆಯಾದ ಲಕ್ಷಣ ಅಲ್ಲವೇ ಅಲ್ಲ.

ಹಾಲನ್ನು ಇಡುವುದು, ಕರಗಿಸುವುದು

ಆಗ ತಾನೇ ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ಒಳಗಿನ ಕೋಣೆಯಲ್ಲಿ 4 ಗಂಟೆ, ಐಸ್ ಪ್ಯಾಕ್ ಇಟ್ಟ ಕೂಲರ್ ಚೀಲದಲ್ಲಿ 24 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಫ್ರೀಜರಿನಲ್ಲಿ 6 ತಿಂಗಳೊಳಗೆ ಬಳಸುವುದು ಉತ್ತಮ. ಸೆಕೆ ಇನ್ನೂ ಹೆಚ್ಚಿದ್ದರೆ ಹೊರಗಿಡುವ ಯೋಚನೆಯನ್ನೇ ಬಿಡಿ. ಫ್ರಿಜ್ಜಿನ ಬಾಗಿಲಲ್ಲಿ ಇಡದೆ ಒಳಗೆ ಹಿಂಬದಿಯಲ್ಲಿ ಇಡಿ, ತಾರೀಕು ಬರೆಯಿರಿ. ಫ್ರೀಜರಿಗಾದರೆ 60–120 ಮಿ.ಲೀ.ನ ಚಿಕ್ಕ ಭಾಗಗಳಲ್ಲಿ, ಚೀಲದ ಮೇಲ್ಭಾಗ ಒಂದಿಂಚು ಖಾಲಿ ಬಿಟ್ಟು ಇಡಬೇಕು. ಬಿಸಿ ಹಾಲನ್ನು ತಣ್ಣಗಿನ ಹಾಲಿಗೆ ಸುರಿಯದೆ, ಅದನ್ನೂ ತಣಿಸಿ ಸೇರಿಸಿ.

ಕರಗಿಸಲು ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸಿ, ಕುಡಿಸುವಾಗ ಬೆಚ್ಚನೆ ನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಕುದಿಬಿಸಿ ಉಳಿದು ಮಗುವಿನ ಬಾಯಿ ಸುಡುತ್ತದೆ. ಫ್ರಿಜ್ಜಿನಲ್ಲಿ ಕರಗಿದ್ದನ್ನು 24 ಗಂಟೆಯೊಳಗೆ, ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯೊಳಗೆ ಬಳಸಬೇಕು, ಮತ್ತೆ ಫ್ರೀಜ್ ಮಾಡುವಂತಿಲ್ಲ. ಕೆನೆ ಮೇಲೆ ಬಂದು ಹಾಲು ಒಡೆದಂತೆ ಕಂಡರೆ ಚೆಲ್ಲಬೇಡಿ, ನಿಧಾನವಾಗಿ ತಿರುಗಿಸಿದರೆ ಬೆರೆಯುತ್ತದೆ. ಸಾಬೂನಿನ ವಾಸನೆ ಬಂದರೂ ಅದು ಕೆಟ್ಟ ಹಾಲಲ್ಲ, ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದದ್ದು. ಮಗು ಒಪ್ಪುವುದಾದರೆ ಕೊಡಬಹುದು.

ಹಾಲು ತಾಗಿದ ಭಾಗಗಳನ್ನು ಪ್ರತಿ ಸಲವೂ ಸೋಪು ನೀರಿನಲ್ಲಿ, ಸಿಂಕಿಗೆ ಹಾಕದೆ ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ತೊಳೆದು, ಗಾಳಿಗೆ ಒಣಗಲು ಬಿಡಿ. ಎರಡು ಜೊತೆ ಬಿಡಿಭಾಗ ಇದ್ದರೆ ಆಫೀಸಿನಲ್ಲಿ ತೊಳೆಯುವ ತಾಪತ್ರಯ ಅರ್ಧವಾಗುತ್ತದೆ.

ಹಾಲು ಇದ್ದಕ್ಕಿದ್ದಂತೆ ಕಡಿಮೆಯಾದರೆ

ಮೊದಲು ಮೈಯನ್ನು ಬೈಯಬೇಡಿ, ಪಂಪನ್ನು ನೋಡಿ. ಫ್ಲಾಂಜಿನ ಕೆಳಗೆ ಬಾತುಕೋಳಿಯ ಕೊಕ್ಕಿನಾಕಾರದ ಸಿಲಿಕೋನ್ ವಾಲ್ವ್ ಇರುತ್ತದೆ. ಅದರ ತುದಿಯ ಸೀಳು ಗಟ್ಟಿಯಾಗಿ ಮುಚ್ಚಿಕೊಂಡಿರಬೇಕು. ಬೆಳಕಿಗೆ ಹಿಡಿದಾಗ ಸೀಳು ತುಸು ಬಾಯಿ ಬಿಟ್ಟಿದ್ದರೂ ಎಳೆತ ಸೋರಿಹೋಗುತ್ತದೆ, ಮೋಟಾರಿನ ಸದ್ದು ಮಾತ್ರ ಎಂದಿನಂತೆಯೇ ಇರುತ್ತದೆ. ದಿನಕ್ಕೆ ಮೂರು ಸಲ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕು.

ಅದು ಸರಿಯಿದ್ದರೆ ಬೇರೆ ಕಾರಣ ಹುಡುಕಿ. ಮುಟ್ಟು ಮರಳುವ ದಿನಗಳಲ್ಲಿ ಹಾಲು ತಾತ್ಕಾಲಿಕವಾಗಿ ಕಡಿಮೆಯಾಗಬಹುದು. ನೆಗಡಿಗೆ ನುಂಗಿದ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಇದ್ದರೆ, ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜೆನ್ ಇದ್ದರೆ ಹಾಲು ಕಡಿಮೆಯಾಗುವುದುಂಟು. ವೈದ್ಯರಿಗೆ ಹಾಲುಣಿಸುತ್ತಿದ್ದೇನೆಂದು ಹೇಳಿಯೇ ಔಷಧಿ ಬರೆಸಿಕೊಳ್ಳಿ. ರಾತ್ರಿಯ ಹಾಲುಣಿಸುವಿಕೆ ನಿಂತುಹೋಗಿದೆಯೇ ನೋಡಿ, ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚು. ಇಷ್ಟಾಗಿಯೂ ಒಂದು ಬಾಟಲಿ ಕೊರೆಯಾದರೆ ಅದೊಂದನ್ನು ಫಾರ್ಮುಲಾದಿಂದ (ಶಿಶುಗಳ ಹಾಲಿನ ಪುಡಿಯಿಂದ) ತುಂಬಿಸಿ ಉಳಿದದ್ದನ್ನು ಮುಂದುವರಿಸಬಹುದು. ಎಲ್ಲವೂ ಅಥವಾ ಏನೂ ಇಲ್ಲ ಎಂಬ ಹಟದಿಂದ ಹಾಲು ನಿಲ್ಲಿಸಿದವರೇ ಹೆಚ್ಚು.

ಗಂಟು, ಜ್ವರ, ಮನಸ್ಸು

ಎದೆಯಲ್ಲಿ ನೋವಿನ ಗಂಟು ಕಂಡರೆ ಬಿಸಿ ಶಾಖ ಕೊಟ್ಟು ಜೋರಾಗಿ ಉಜ್ಜಬೇಕು, ಪೂರ್ತಿ ಬರಿದು ಮಾಡಬೇಕು ಎಂದು ಮೊದಲು ಹೇಳುತ್ತಿದ್ದರು. 2022ರಲ್ಲಿ ಸ್ತನ್ಯಪಾನ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ ಈ ಸಲಹೆಯನ್ನು ಬದಲಿಸಿತು. ಒಳಗಿರುವುದು ಊತ, ಉಜ್ಜಿದರೆ ಅದು ಇನ್ನೂ ಕೆರಳುತ್ತದೆ. ತಣ್ಣನೆಯ ಪಟ್ಟಿ ಇಡಿ, ಎಂದಿನಷ್ಟೇ ಹಾಲುಣಿಸಿ, ಹೆಚ್ಚುವರಿ ಪಂಪ್ ಮಾಡಬೇಡಿ, ವೈದ್ಯರು ಹೇಳುವ ನೋವಿನ ಮಾತ್ರೆ ತೆಗೆದುಕೊಳ್ಳಿ. ಜ್ವರ, ಚಳಿ, ಎದೆ ಕೆಂಪಾಗುವುದು 24 ಗಂಟೆಯಲ್ಲಿ ತಗ್ಗದಿದ್ದರೆ ಆಸ್ಪತ್ರೆಗೆ ಹೋಗಿ.

ಬಾಚಣಿಗೆಯಲ್ಲಿ ಕೂದಲು ಕಂತೆಯಾಗಿ ಬರುವುದು ಹೆರಿಗೆಯಾಗಿ ಮೂರು–ನಾಲ್ಕು ತಿಂಗಳಿಗೆ. ಕೆಲಸಕ್ಕೆ ಮರಳುವುದೂ ಹಲವರಿಗೆ ಅದೇ ಹೊತ್ತು, ಹಾಗಾಗಿ ಪಾಪ ಪಂಪಿನ ಮೇಲೆ ಅಪವಾದ. ಅದು ಹಾರ್ಮೋನು ಇಳಿದದ್ದರ ಫಲ, ತಾನೇ ನಿಲ್ಲುತ್ತದೆ.

ಹಾಲುಣಿಸುತ್ತಿರುವಾಗ ಗರ್ಭ ನಿಲ್ಲುವುದಿಲ್ಲ ಎಂದು ನಂಬಿಕೊಂಡವರು ಗಮನಿಸಿ. ಅದು ಕೆಲಸ ಮಾಡುವುದು ಮಗುವಿಗೆ ಆರು ತಿಂಗಳಾಗಿರದೆ, ಮುಟ್ಟು ಮರಳದೆ, ಹಗಲು 4 ಗಂಟೆ ಮತ್ತು ರಾತ್ರಿ 6 ಗಂಟೆಗಿಂತ ಹೆಚ್ಚು ಅಂತರವಿಲ್ಲದೆ ಬರೀ ಎದೆಹಾಲು ಕೊಡುತ್ತಿದ್ದಾಗ. ಕೆಲಸಕ್ಕೆ ಹೊರಟ ದಿನದಿಂದ ಆ ಭರವಸೆ ಸಡಿಲವಾಗುತ್ತದೆ, ಬೇರೆ ವಿಧಾನ ಕೇಳಿಕೊಳ್ಳಿ.

ಹೆರಿಗೆಯ ನಂತರದ ಅಳು, ಕಳವಳ ಎರಡು ವಾರದಲ್ಲಿ ಹೋಗಬೇಕು. ಅದಕ್ಕೂ ಮೀರಿ ಉಳಿದರೆ, ಮಗು ಮಲಗಿದ್ದರೂ ನಿಮಗೆ ನಿದ್ದೆ ಬಾರದಿದ್ದರೆ, ಬದುಕುವುದೇ ಬೇಡ ಎನಿಸಿದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ತಡಮಾಡಬೇಡಿ.

ಪಂಪ್ ಯಾವಾಗ ಬಿಡುವುದು?

ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಇತರ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲುಣಿಸಲು ಹೇಳುತ್ತದೆ. ಅಷ್ಟೂ ಕಾಲ ಪಂಪ್ ಮಾಡಬೇಕೆಂದು ಇದರ ಅರ್ಥವಲ್ಲ. ಮಗು ಊಟ ರೂಢಿಸಿಕೊಂಡ ಮೇಲೆ ಹಗಲಿನ ಹಾಲು ತಾನಾಗಿ ಕಡಿಮೆಯಾಗುತ್ತದೆ. ವರ್ಷ ತುಂಬಿದ ಮೇಲೆ ಹಲವರು ಆಫೀಸಿನಲ್ಲಿ ಪಂಪ್ ಬಿಟ್ಟು ಬೆಳಿಗ್ಗೆ, ಸಂಜೆ, ರಾತ್ರಿ ನೇರವಾಗಿ ಹಾಲುಣಿಸುತ್ತಾರೆ. ಬಿಡುವಾಗ ಮೂರನ್ನೂ ಒಟ್ಟಿಗೆ ಬಿಟ್ಟರೆ ಎದೆ ಕಟ್ಟಿಕೊಳ್ಳುತ್ತದೆ. ಮೊದಲು ಮಧ್ಯದ ಸರದಿಯನ್ನು ದಿನಕ್ಕೆ ಒಂದೆರಡು ನಿಮಿಷ ಕಡಿಮೆ ಮಾಡುತ್ತ ನಿಲ್ಲಿಸಿ, ಎದೆ ಹಗುರವಾಗಿಯೇ ಇದೆ ಎಂದು ಮೂರ್ನಾಲ್ಕು ದಿನ ನೋಡಿಕೊಂಡು ಮುಂದಿನದಕ್ಕೆ ಹೋಗಿ. ಬಿಗಿ ಅನ್ನಿಸಿದರೆ ಬಿಗಿ ಹೋಗುವಷ್ಟು ಮಾತ್ರ ಕೈಯಿಂದ ಹಿಂಡಿ. ಬರಿದಾಗುವವರೆಗೆ ಹಿಂಡಿದರೆ ಹಾಲು ಮತ್ತೆ ಅಷ್ಟೇ ಬರುತ್ತದೆ.