ಡಿಎನ್‌ಎ ಲೆಕ್ಕ: ನಾನು ಮಾಡೋದು ಹೀಗೆ

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಒಂದು ಪ್ರಶ್ನೆ ಇದೆ: ಎರಡೆಳೆಯ ಡಿಎನ್‌ಎಯಲ್ಲಿ ಸೈಟೋಸೀನ್ ಶೇ. 20 ಇದ್ದರೆ ಅಡೆನೀನ್ ಎಷ್ಟು? ಎಳೆಗಳಲ್ಲಿರುವ ನಾಲ್ಕು ಬೇಸ್‌ಗಳು, ಅಂದರೆ ರಾಸಾಯನಿಕ ಘಟಕಗಳು: ಅಡೆನೀನ್ (ಎ), ಥೈಮೀನ್ (ಟಿ), ಗ್ವಾನೀನ್ (ಜಿ), ಸೈಟೋಸೀನ್ (ಸಿ). ಎ ಜೋಡಿ ಟಿ, ಜಿ ಜೋಡಿ ಸಿ. ಸಿ 20 ಅಂದರೆ ಅದರ ಜೋಡಿ ಜಿ ಕೂಡ 20, ಸೇರಿ 40, ಉಳಿದ 60ರಲ್ಲಿ ಎ ಮತ್ತು ಟಿ ಸಮಪಾಲು. ಎ 30. ಪೆನ್ನೂ ಬೇಡ.

ಆದರೆ ಲೆಕ್ಕಕ್ಕೆ ಕೈ ಹಾಕುವ ಮೊದಲು ನಾನು ಒಂದು ವಿಷಯ ನೋಡಿಯೇ ನೋಡುತ್ತೇನೆ: ಕೊಟ್ಟಿರುವ ಅಂಕಿ ಇಡೀ ಡಿಎನ್‌ಎಯದಾ, ಒಂದೇ ಎಳೆಯದಾ? ಎಡವೋದು ಇಲ್ಲೇ. ಒಂದು ಎಳೆಯಲ್ಲಿ ಎ 35, ಟಿ 15, ಜಿ 30, ಸಿ 20 ಇದೆ ಅಂದುಕೊಳ್ಳಿ. ಇಲ್ಲಿ ಎ ಮತ್ತು ಟಿ ಸಮ ಇಲ್ಲ, ಇರಬೇಕು ಅಂತಲೂ ಇಲ್ಲ, ಯಾಕೆಂದರೆ ಎ ಜೋಡಿಯಾಗೋದು ಎದುರಿನ ಎಳೆಯ ಟಿ ಜೊತೆ. ನಾನು ಕೆಳಗೆ ಇನ್ನೊಂದು ಸಾಲು ಎಳೆದು ಅದರ ಜೋಡಿಗಳನ್ನು ಬರೆಯುತ್ತೇನೆ: ಟಿ 35, ಎ 15, ಸಿ 30, ಜಿ 20. ಈಗ ಎ ಎರಡನ್ನೂ ಕೂಡಿಸಿ ಅರ್ಧ ಮಾಡಿ, 25. ಉಳಿದ ಮೂರೂ 25! ನಾಲ್ಕೂ 25 ಆದದ್ದು ಈ ಅಂಕಿಗಳಿಂದ, ಆದರೆ ಎಳೆ ಎಷ್ಟು ಸೊಟ್ಟಗಿದ್ದರೂ ಒಟ್ಟು ಲೆಕ್ಕದಲ್ಲಿ ಎ ಮತ್ತು ಟಿ ಸಮ, ಜಿ ಮತ್ತು ಸಿ ಸಮ. ಮಕ್ಕಳಿಗೆ ಈ ಎರಡು ಸಾಲು ಬರೆಸಿದರೆ ಸಾಕು, ಸುಮ್ನೆ ಸೂತ್ರ ಉರು ಹೊಡೆಸೋ ಕೆಲಸ ಇರಲ್ಲ.

ಜೀವರಸಾಯನ ವಿಜ್ಞಾನಿ ಚಾರ್ಗಾಫ್ 1950ರ ಆಸುಪಾಸಿನಲ್ಲಿ ಈ ಸಮದ ನಿಯಮವನ್ನು ಅಳೆದೇ ಕಂಡುಕೊಂಡದ್ದು. ಜೋಡಿ ಹೇಗೆ ಕೂರುತ್ತದೆ ಅಂತ ವಾಟ್ಸನ್ ಮತ್ತು ಕ್ರಿಕ್ ತೋರಿಸಿದ್ದು ಆಮೇಲೆ, 1953ರಲ್ಲಿ. ನಿಯಮ ಮುರಿಯುವ ಉದಾಹರಣೆ ಬೇಕಾದಾಗ ನಾನು ಫೈಎಕ್ಸ್174 ವೈರಸ್ ಕೊಡುತ್ತೇನೆ. ಅದರಲ್ಲಿ ಎ ಸುಮಾರು 24, ಟಿ ಸುಮಾರು 31. ನೋಡಿದ ಕೂಡಲೇ ಹೇಳಬಹುದು, ಒಂಟಿ ಎಳೆ ಅಂತ. ಹಾಗಂತ ಎ ಮತ್ತು ಟಿ ಸಮ ಬಂದ ಮಾತ್ರಕ್ಕೆ ಎರಡೆಳೆ ಅಂತ ತೀರ್ಪು ಕೊಡಬೇಡಿ. ಬ್ಯಾಕ್ಟೀರಿಯಾ ಡಿಎನ್‌ಎಯ ಒಂದೇ ಎಳೆಯನ್ನು ಉದ್ದಕ್ಕೆ ಎಣಿಸಿದರೂ ಅವು ಹೆಚ್ಚುಕಮ್ಮಿ ಸಮವೇ ಬರುತ್ತವೆ.

ಜೋಡಿಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧ ಎಷ್ಟು ಅಂತ ಕೇಳಿದರೆ ಶೇಕಡಾ ಬಿಟ್ಟು ಜೋಡಿ ಎಣಿಸಿ. ಅದೇ ಶೇ. 20 ಸಿ ಇರುವ 1000 ಜೋಡಿಯ ತುಂಡಿನಲ್ಲಿ ಬೇಸ್ 2000, ಅದರಲ್ಲಿ ಸಿ 400. ಅಂದರೆ ಜಿ-ಸಿ ಜೋಡಿ 400, ಎ-ಟಿ ಜೋಡಿ 600. ಮೊದಲನೆಯದಕ್ಕೆ ಮೂರು ಬಂಧ, ಎರಡನೆಯದಕ್ಕೆ ಎರಡು: 1200 ಮತ್ತು 1200, ಒಟ್ಟು 2400. 1000 ಜೋಡಿಯನ್ನು 1000 ಬೇಸ್ ಅಂತ ಓದಿಕೊಂಡರೆ 1200 ಬರುತ್ತೆ, ಪರೀಕ್ಷೆಯಲ್ಲಿ ಆಯ್ಕೆಗಳ ನಡುವೆ ಅದೂ ಕೂತಿರುತ್ತೆ.